ಮೊರಟೋರಿಯಂ ಅಂದರೆ ಮನ್ನಾ ಅಲ್ಲ ಅಪ್ಪಯ್ಯ!

2020ರ ಲಾಕ್‌ಡೌನ್ ಹೊತ್ತು. ನನ್ನ ಒಂಬತ್ತನೇ ತರಗತಿ ಆಗಷ್ಟೇ ಮುಗಿದಿತ್ತು. ಬೈಂದೂರು ಪೇಟೆಗೆ ತರಕಾರಿ, ಅಕ್ಕಿ ಮೂಟೆ ಸಾಗಿಸುತ್ತಿದ್ದ ಅಪ್ಪಯ್ಯನ ಗೂಡ್ಸ್ ರಿಕ್ಷಾ ಅಂಗಳದಲ್ಲಿ ನಿಂತುಬಿಟ್ಟಿತ್ತು. ಒಂದು ದಿನ ಅವರ ಮೊಬೈಲ್‌ಗೆ ಇಂಗ್ಲಿಷ್‌ನಲ್ಲಿ ಸಂದೇಶ ಬಂತು. ‘ಕಂತ್ ಕಟ್ಟುದ್ ಬ್ಯಾಡ ಅಂಬ್ರ್ ಮಗಾ. ಸಾಲ ಮನ್ನಾ ಆಯ್ತಾ? ಓದಿ ಹೇಳ್ ಕಾಂಬ’ ಎಂದರು. ಓದಿದೆ. ನಡುವೆ ‘ಮೊರಟೋರಿಯಂ’ ಎಂಬ ಪದವಿತ್ತು. ಅರ್ಥ ಗೊತ್ತಿರಲಿಲ್ಲ. ಆದರೆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ‘ಹೌದು ಅಪ್ಪಯ್ಯ’ ಅಂದುಬಿಟ್ಟೆ.

ಆ ವರ್ಷ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಅವಕಾಶ ಕೊಟ್ಟಿತ್ತು. ಆಮೇಲೆ ಅದು ಆಗಸ್ಟ್ 31ರವರೆಗೆ ವಿಸ್ತರಣೆಯಾಯಿತು. ಮುಂದೂಡಿದ್ದು ಕಂತನ್ನು ಮಾತ್ರ. ಬಾಕಿ ಸಾಲಕ್ಕೆ ಬಡ್ಡಿ ಬೀಳುತ್ತಲೇ ಇತ್ತು. ಮನ್ನಾ ಆಯಿತೆಂದು ನಂಬಿ ಆರು ತಿಂಗಳು ಸುಮ್ಮನಿದ್ದ ನಮ್ಮ ಸಾಲ ಏಳು ತಿಂಗಳು ತಡವಾಗಿ ತೀರಿತು. ಅಪ್ಪಯ್ಯ ಬಯ್ಯಲಿಲ್ಲ. ಆದರೆ ಆ ಪದ ನನ್ನ ಬೆನ್ನು ಬಿಡಲಿಲ್ಲ.

ಈಗ ನಾನು ಬಿಇ ಮೂರನೇ ವರ್ಷ. ಪ್ಲೇಸ್‌ಮೆಂಟ್ ಹತ್ತಿರ ಬರುತ್ತಿದ್ದಂತೆ ಗೆಳೆಯರೆಲ್ಲ ದಿನಕ್ಕೆ ಇಪ್ಪತ್ತು ಮೂವತ್ತು ಇಂಗ್ಲಿಷ್ ಪದ ಕಲಿಸುವ ಆ್ಯಪ್‌ಗಳ ಹಿಂದೆ ಬಿದ್ದಿದ್ದಾರೆ. ನಾನೂ ಪ್ರಯತ್ನಿಸಿದೆ. ಸೋಮವಾರ ಬಾಯಿಪಾಠ ಮಾಡಿದ್ದು ಶನಿವಾರ ನೆನಪಿಲ್ಲ. ಆ ಪದಗಳಿಗೂ ನಮ್ಮ ಬದುಕಿಗೂ ಸಂಬಂಧವೇ ಇಲ್ಲದಿದ್ದರೆ ನೆನಪಿರುವುದಾದರೂ ಹೇಗೆ? ನನ್ನ ಅಭಿಪ್ರಾಯ ಇಷ್ಟೇ: ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಂಥವರಿಗೆ ಪತ್ರಿಕೆಯ ವಾಣಿಜ್ಯ ಪುಟಕ್ಕಿಂತ ಒಳ್ಳೆಯ ಇಂಗ್ಲಿಷ್ ಪಾಠ ಇನ್ನೊಂದಿಲ್ಲ.

‘ಅದು ಕಾಮರ್ಸ್‌ನವರಿಗೆ’ ಎನ್ನಬೇಡಿ. ಶಾಲೆಯ ಮೆಟ್ಟಿಲು ಹತ್ತದ ನನ್ನ ಅಜ್ಜಿಗೆ ‘ಪಿಗ್ಮಿ’ ಅಂದರೆ ಏನೆಂದು ಚೆನ್ನಾಗಿ ಗೊತ್ತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ ಮನೆಮನೆಗೆ ಬಂದು ದಿನಕ್ಕೆ ಎರಡಾಣೆಯಿಂದ ಹಣ ಸಂಗ್ರಹಿಸಿತು. ಇಂಗ್ಲಿಷ್‌ನಲ್ಲಿ ಕುಳ್ಳ ಎಂಬರ್ಥದ ಆ ಪದ ನಮ್ಮೂರಲ್ಲಿ ಉಳಿತಾಯದ ಹೆಸರಾಯಿತು. ಅದೇ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿದಾಗ ‘ಮರ್ಜರ್’ ಎಂಬ ಪದವೂ ಅಜ್ಜಿಯ ಪಾಸ್‌ಬುಕ್ ಮೂಲಕ ನಮ್ಮ ಮನೆಗೆ ಬಂತು. ದುಡ್ಡಿನ ಜೊತೆ ಬಂದ ಪದವನ್ನು ಯಾರೂ ಮರೆಯುವುದಿಲ್ಲ.

ನಾನು ಅನುಸರಿಸುವ ಕ್ರಮ ಸರಳ. ಒಂದೇ ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ, ಆಮೇಲೆ ಕಾಲೇಜು ಲೈಬ್ರರಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಓದುತ್ತೇನೆ. ವಿಷಯ ಮೊದಲೇ ಗೊತ್ತಿರುವುದರಿಂದ ಕಷ್ಟದ ಪದದ ಅರ್ಥ ಅರ್ಧ ತಾನಾಗಿಯೇ ಹೊಳೆಯುತ್ತದೆ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.50ರಿಂದ ಶೇ 5.50ಕ್ಕೆ ಇಳಿಸಿತು. ಇಂಗ್ಲಿಷ್ ಪತ್ರಿಕೆ ಅದನ್ನು ‘100 ಬೇಸಿಸ್ ಪಾಯಿಂಟ್’ ಎಂದಿತು. ಒಂದು ಶೇಕಡಾ ಅಂಶದ ನೂರನೇ ಒಂದು ಪಾಲು ಒಂದು ಬೇಸಿಸ್ ಪಾಯಿಂಟ್ ಎಂದು ಆ ದಿನವೇ ತಿಳಿಯಿತು. ದಿನಕ್ಕೆ ಒಂದೇ ಪದ ಸಾಕು. ನೋಟ್‌ಬುಕ್‌ನಲ್ಲಿ ಬರೆದು, ಅದರ ಮುಂದೆ ನಮ್ಮೂರಿನದೇ ಒಂದು ವಾಕ್ಯ ಬರೆಯಬೇಕು.

ಈ ಪುಟದಲ್ಲಿ ಗೊತ್ತಿರುವ ಪದಗಳೇ ಹೆಚ್ಚು ಮೋಸ ಮಾಡುತ್ತವೆ. ‘ಟ್ಯಾರಿಫ್’ ಅಂದರೆ ನಮಗೆ ಮೊಬೈಲ್ ರೀಚಾರ್ಜ್ ದರ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲೆ ಶೇ 50ರವರೆಗೆ ಟ್ಯಾರಿಫ್ ಹಾಕಿದಾಗ ಗಂಗೊಳ್ಳಿಯ ಗೆಳೆಯ, ‘ಅದು ಆಮದು ಸುಂಕ. ಕಟ್ಟುವವ ಅಲ್ಲಿನ ವ್ಯಾಪಾರಿ. ಆದರೆ ಅವ ಸಿಗಡಿ ಕೊಳ್ಳುವುದು ಕಡಿಮೆ ಮಾಡಿದರೆ ಇಲ್ಲಿನ ರೇಟು ಬೀಳುತ್ತದೆ’ ಎಂದು ವಿವರಿಸಿದ. ‘ಕರೆಕ್ಷನ್’ ಅಂದರೆ ಉತ್ತರಪತ್ರಿಕೆ ತಿದ್ದುವುದಲ್ಲ, ಷೇರುಪೇಟೆ ಶೇ 10ರಷ್ಟು ಕುಸಿಯುವುದು. ‘ಬೆಂಚ್’ ಕೂರುವ ಜಾಗವಲ್ಲ, ಐಟಿ ಕಂಪನಿಯಲ್ಲಿ ಪ್ರಾಜೆಕ್ಟ್ ಸಿಗದೆ ಕಾಯುವ ಸ್ಥಿತಿ. ‘ರೈಟ್‌ಸೈಜಿಂಗ್’ ಎಂದು ಸುದ್ದಿಯಲ್ಲಿ ಕಂಡರೆ ಸಾಮಾನ್ಯವಾಗಿ ಕೆಲವರ ಕೆಲಸ ಹೋಗಿದೆ ಎಂದೇ ಅರ್ಥ.

ಕೆಲಸ ಹುಡುಕುವವರಿಗಂತೂ ಇದು ಹೊಟ್ಟೆಪಾಡಿನ ಪ್ರಶ್ನೆ. ಆಫರ್ ಲೆಟರ್‌ನಲ್ಲಿ ಸಿಟಿಸಿ ನಾಲ್ಕು ಲಕ್ಷ ಎಂದಿದ್ದರೆ ಅದನ್ನು ಹನ್ನೆರಡರಿಂದ ಭಾಗಿಸಿ ಮನೆಯಲ್ಲಿ ಹೇಳಬೇಡಿ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಸಿಕ್ಕರೂ ಸಿಗದಿದ್ದರೂ ಸೈ ಎನ್ನುವಂಥ ‘ವೇರಿಯಬಲ್ ಪೇ’ ಎಲ್ಲವೂ ಅದರೊಳಗೆ ಇರಬಹುದು. ಕೈಗೆ ಬರುವುದು ಬೇರೆಯೇ ಮೊತ್ತ.

ಹಾಗೆಂದು ಎಲ್ಲ ಹೊರೆ ನಮ್ಮ ಮೇಲೇ ಯಾಕೆ? ಕನ್ನಡದಲ್ಲಿ ವ್ಯವಹರಿಸುವ ಗ್ರಾಹಕನಿಗೆ ಸಾಲದ ಸಂದೇಶ ಕನ್ನಡದಲ್ಲೇ ಬರಬೇಕು. ಆ ಬೇಡಿಕೆ ನ್ಯಾಯವಾದದ್ದು, ಅದನ್ನು ಕೇಳುತ್ತಲೇ ಇರೋಣ. ಅದು ಈಡೇರುವವರೆಗೆ ಮಾತ್ರ ಮನೆಯಲ್ಲಿ ಒಬ್ಬರಾದರೂ ಓದಿ ತಿಳಿಸುವವರು ಬೇಕು. ಆ ಒಬ್ಬರು ನಾವೇ.

ನಾನೂ ಓದಿಗೆ ಸಾಲ ಮಾಡಿದ್ದೇನೆ. ಸಹಿ ಹಾಕುವ ಮುನ್ನ ಕಾಗದಗಳನ್ನು ಸಾಲು ಸಾಲಾಗಿ ಓದಿದೆ. ಅಲ್ಲೂ ಅದೇ ಪದ ಇತ್ತು, ಮೊರಟೋರಿಯಂ: ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತಿಲ್ಲ. ಅಪ್ಪಯ್ಯ ಪಕ್ಕದಲ್ಲೇ ಇದ್ದರು. ‘ಕಂತಿಲ್ಲ ಅಷ್ಟೆ ಅಪ್ಪಯ್ಯ, ಬಡ್ಡಿ ಇವತ್ತಿಂದಲೇ ಲೆಕ್ಕ’ ಎಂದೆ. ಅವರು ತಲೆಯಾಡಿಸಿ, ‘ಹಾಂಗಾರ್ ಬಡ್ಡಿ ಆರೂ ತಿಂಗ್ಳ್ ತಿಂಗ್ಳ್ ಕಟ್ವ’ ಎಂದರು. ಈಗ ಹಾಗೇ ಕಟ್ಟುತ್ತಿದ್ದೇವೆ.