ಹಸುವಿಗೆ ಹಿಂಡಿ, ನಿಮಗೆ ಬರೀ ಮುದ್ದೆ ಸಾರೇ?

ಮಹಿಳಾ ಸದಸ್ಯರೇ,

ಪಶು ಆಹಾರದ ಚೀಲ ತರುವಾಗ ಅದರಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಕೇಳುತ್ತೀರಿ. ಹಿಂಡಿ ಕಡಿಮೆಯಾದರೆ ಹಾಲು ಇಳಿಯುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮ ತಟ್ಟೆಯಲ್ಲಿ ಎಷ್ಟಿದೆ ಎಂದು ಕೇಳುವವರು ಮನೆಯಲ್ಲಿ ಯಾರಿದ್ದಾರೆ? ಸಕ್ಕರೆ ಕಾಯಿಲೆ ಇರುವವರಂತೂ ಇದನ್ನು ಕೇಳಿಕೊಳ್ಳಲೇಬೇಕು.

ಟಿ. ದಾಸರಹಳ್ಳಿ ಕಡೆಯನ್ನೇ ನೋಡಿ. ತುಮಕೂರು ರಸ್ತೆಯ ಎರಡೂ ಬದಿ ಹೊಲ ಹೋಗಿ ಸೈಟು, ಕಾರ್ಖಾನೆ ಬಂದವು. ಕಳೆ ಕೀಳುವುದು, ಹುಲ್ಲಿನ ಹೊರೆ ಹೊರುವುದು ಕಡಿಮೆಯಾಯಿತು. ಹಸು ಉಳಿಸಿಕೊಂಡವರೂ ಮೇವು ಕೊಂಡು ತರುತ್ತಾರೆ. ಮುದ್ದೆಯ ಗಾತ್ರ ಮಾತ್ರ ಹೊಲದ ಕಾಲದ್ದೇ. ಖರ್ಚಾಗದ ಹಿಟ್ಟಿನ ಅಂಶ ಕೊಬ್ಬಾಗಿ ಹೊಟ್ಟೆಯಲ್ಲಿ, ಲಿವರ್‌ನಲ್ಲಿ ಕೂರುತ್ತದೆ. ಆ ಕೊಬ್ಬು ಹೆಚ್ಚಿದಷ್ಟೂ ಇನ್ಸುಲಿನ್ ಕೆಲಸ ಕೆಡುತ್ತದೆ, ಶುಗರ್ ಏರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿದಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ನಮ್ಮ ಊಟದ ಶಕ್ತಿಯಲ್ಲಿ ಶೇಕಡಾ 62ರಷ್ಟು ಅಕ್ಕಿ, ರಾಗಿ, ಗೋಧಿ, ಸಕ್ಕರೆಯಂಥ ಪಿಷ್ಟದಿಂದ ಬರುತ್ತದೆ, ಪ್ರೋಟೀನ್‌ನಿಂದ ಬರುವುದು ಶೇಕಡಾ 12 ಎಂದೂ ಅದೇ ಅಧ್ಯಯನ ಕಂಡಿದೆ. ಪಿಷ್ಟವನ್ನು ಅರ್ಧದ ಆಸುಪಾಸಿಗೆ ಇಳಿಸಿ, ಪ್ರೋಟೀನ್ ಶೇಕಡಾ 20ರ ಹತ್ತಿರಕ್ಕೆ ತಂದರೆ ಕಾಯಿಲೆ ಹತೋಟಿಗೆ ಬರುವ ಸಾಧ್ಯತೆ ಹೆಚ್ಚು ಎಂಬುದು ಅವರ ಲೆಕ್ಕ.

ಪ್ರೋಟೀನ್ ಮಾಡುವುದೇನು? ತಾನಾಗಿ ಶುಗರ್ ಏರಿಸುವುದು ಕಡಿಮೆ. ಬೇಗ ಹಸಿವಾಗಲು ಬಿಡುವುದಿಲ್ಲ. ತೂಕ ಇಳಿಸುವಾಗ ಮಾಂಸಖಂಡ ಕರಗದಂತೆ ಕಾಯುತ್ತದೆ, ರಕ್ತದ ಸಕ್ಕರೆಯನ್ನು ಹೆಚ್ಚು ಬಳಸುವುದೇ ಮಾಂಸಖಂಡ. ಜರ್ಮನಿಯಲ್ಲಿ ಸಕ್ಕರೆ ಕಾಯಿಲೆಯ 37 ಜನರಿಗೆ ಆರು ವಾರ ಹೆಚ್ಚು ಪ್ರೋಟೀನ್ ಕೊಟ್ಟು ನೋಡಿದರು, 2017ರಲ್ಲಿ ಫಲಿತಾಂಶ ಬಂತು. ಕೆಲವರಿಗೆ ಮಾಂಸ, ಹಾಲು, ಉಳಿದವರಿಗೆ ಕಾಳು. ಎರಡೂ ಗುಂಪಿನಲ್ಲಿ ಲಿವರ್ ಕೊಬ್ಬು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಜನ ಕಡಿಮೆ, ಊಟ ಅವರದ್ದು, ನಿಜ. ಆದರೂ ಕಾಳಿನಿಂದಲೂ ಆಗುತ್ತದೆ ಎನ್ನುವುದು ನಮಗೆ ಬೇಕಾದ ಮಾತು.

ಏಕೆಂದರೆ ಕಾಳು ನಮ್ಮ ಮನೆಯಲ್ಲೇ ಇದೆ, ತಟ್ಟೆಗೆ ಬರುತ್ತಿಲ್ಲ ಅಷ್ಟೆ. ಬಸ್ಸಾರು ಮಾಡಿದ ದಿನ ನೆನೆಸಿಕೊಳ್ಳಿ. ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಹುರುಳಿಕಾಳು ಪಲ್ಯವಾಗುತ್ತದೆ. ಪಲ್ಯ ಗಂಡಸರಿಗೂ ಮಕ್ಕಳಿಗೂ ಬಡಿಸಿ ಮುಗಿದ ಮೇಲೆ ಕೊನೆಗೆ ಕೂತವಳಿಗೆ ಉಳಿಯುವುದು ಮುದ್ದೆ ಮತ್ತು ಸಾರು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ಅಷ್ಟೇ ಹುರುಳಿಕಾಳಿನಲ್ಲಿ 22. ಶುಗರ್‌ಗೆ ರಾಗಿ ಒಳ್ಳೆಯದು ಎನ್ನುತ್ತಾ ಎರಡು ಮುದ್ದೆ ನುಂಗುವುದರಲ್ಲಿ ಅರ್ಥವಿಲ್ಲ. ಒಂದು ಮುದ್ದೆ ಸಾಕು, ಬಟ್ಟಲು ತುಂಬ ಪಲ್ಯ ಇರಲಿ, ಪಲ್ಯವನ್ನೇ ಮೊದಲು ತಿನ್ನಿ. ಎರಡು ಮುದ್ದೆಯನ್ನೂ ಬಿಡದೆ ಮೇಲೆ ಕಾಳು ತಿಂದರೆ ಕೊಬ್ಬು ಇಳಿಯುವುದಿಲ್ಲ.

ಇನ್ನು ಹಾಲು. ಟೀಗೆ ಒಂದು ಲೋಟ ಇಟ್ಟುಕೊಂಡು ಉಳಿದದ್ದನ್ನೆಲ್ಲ ಡೇರಿಗೆ ಹಾಕುವವರೇ ಹೆಚ್ಚು. ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 16 ಗ್ರಾಂ ಪ್ರೋಟೀನ್ ಇದೆ, 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಬೇಕಾದ 46 ಗ್ರಾಂನ ಮೂರನೇ ಒಂದು ಪಾಲು. ಅದು ಇರುವುದು ಎಸ್.ಎನ್.ಎಫ್. ಭಾಗದಲ್ಲಿ, ಕೆನೆ ತೆಗೆದರೂ ಹೋಗುವುದಿಲ್ಲ, ತುಪ್ಪದಲ್ಲಿ ಸಿಗುವುದೂ ಇಲ್ಲ. ಹಾಲಿನಲ್ಲೂ ಅದರದ್ದೇ ಸಕ್ಕರೆ ಇರುವುದರಿಂದ ಮೇಲೆ ಸಕ್ಕರೆ ಹಾಕಬೇಡಿ. ಗಟ್ಟಿ ಮೊಸರು ಮಾಡಿ ಊಟಕ್ಕೆ ಇಟ್ಟುಕೊಳ್ಳಿ. ಆ ಅರ್ಧ ಲೀಟರಿನ ದುಡ್ಡು ನಷ್ಟವೆಂದು ಮನೆಯವರು ಅಂದರೆ, ತಿಂಗಳ ಮಾತ್ರೆಯ ಬಿಲ್ಲು ತೋರಿಸಿ.

ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮುದ್ದೆ, ಅನ್ನ ದಿಢೀರನೆ ಇಳಿಸಿದರೆ ಶುಗರ್ ತೀರಾ ಕೆಳಗಿಳಿಯಬಹುದು. ಮೊದಲೇ ಹೇಳಿ ಡೋಸ್ ಸರಿಮಾಡಿಸಿಕೊಳ್ಳಿ.

ಸಂಘಗಳಿಗೂ ಒಂದು ಮಾತು. ಬರಡು ರಾಸು ಶಿಬಿರಕ್ಕೆ ಹಸು ಹಿಡಿದು ಬರುವವರು ಹೆಂಗಸರೇ. ಅದೇ ದಿನ ನಮ್ಮ ಕ್ಲಿನಿಕ್‌ನವರನ್ನು ಕರೆಸಿ, ಬಂದವರ ಬೆರಳು ಚುಚ್ಚಿ ಶುಗರ್ ನೋಡಿಸಲು ದೊಡ್ಡ ಖರ್ಚೇನಿಲ್ಲ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿ.