ಚಿತ್ರ ಫೋಟೊದಂತಿದ್ದರೆ ಕಥೆ ಹೆಚ್ಚು ತಟ್ಟುತ್ತದೆಯೇ?

ಚಿತ್ರ ನೈಜವಾದಷ್ಟೂ ಚಿತ್ರಕಾದಂಬರಿ ಮನಸ್ಸಿಗೆ ನಾಟುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ವಿವರ ತುಂಬಿದ ಮುಖ ಬೇರೆ ಯಾರದೋ ಮುಖ. ಎರಡು ಚುಕ್ಕಿ, ಒಂದು ಗೆರೆಯ ಮುಖದಲ್ಲಿ ಓದುಗ ತನ್ನನ್ನೇ ಕಾಣುತ್ತಾನೆ ಎಂದು ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲೇ ವಾದಿಸಿದ್ದರು.

ವರದಹಳ್ಳಿ, ಸಾಗರದ ಕಡೆಯವರಿಗೆ ಇದೇನು ಹೊಸತಲ್ಲ. ದೀವರ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲಿನ ಬಿಳಿ ಗೆರೆಗಳೇ ಮದುಮಕ್ಕಳು!

ಅಂಬೇಡ್ಕರರ ಬದುಕಿನ ‘ಭೀಮಾಯಣ’ (2011) ನೋಡಿ. ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಚೌಕಟ್ಟುಗಳನ್ನೇ ಬಿಟ್ಟರು. ಮೃದು ಮಾತಿಗೆ ಹಕ್ಕಿಯಾಕಾರದ ಗುಳ್ಳೆ, ಜಾತಿನಿಂದನೆಗೆ ಚೇಳಿನ ಕೊಂಡಿಯ ಗುಳ್ಳೆ. ಅಕ್ಷರ ಓದುವ ಮೊದಲೇ ವಿಷ ತಿಳಿಯುತ್ತದೆ. ಓದು ಮಾತ್ರ ನಿಧಾನ: ಚೌಕಗಳಿಗೆ ಒಗ್ಗಿದ ಕಣ್ಣು ಮುಂದಿನ ದಾರಿಯನ್ನು ತಾನೇ ಹುಡುಕಬೇಕು.