ಹಡಗಿನ ಗುಟ್ಟು ಹೇಳಿದ ಹಕ್ಕಿ

ಪುಟಾಣಿಗಳೇ, ನಡುಗಡಲಲ್ಲಿ ಪೊಲೀಸ್ ಠಾಣೆ ಇಲ್ಲ. ಅಲ್ಲಿ ಯಾರು ಎಷ್ಟು ಮೀನು ಬಾಚುತ್ತಿದ್ದಾರೆಂದು ನೋಡುವವರು ಯಾರು?

ದೊಡ್ಡ ಹಡಗುಗಳಲ್ಲಿ ಎ.ಐ.ಎಸ್. ಎಂಬ ಯಂತ್ರವಿರುತ್ತದೆ. ‘ನಾನು ಇಂಥ ಹಡಗು, ಇಂಥ ಕಡೆ ಇದ್ದೇನೆ’ ಎಂದು ಅದು ರೇಡಿಯೊ ಸಂಕೇತದಲ್ಲಿ ಸಾರುತ್ತಲೇ ಇರುತ್ತದೆ. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲಿ ಎಂದು ಮಾಡಿದ ಏರ್ಪಾಡು ಇದು. ಈ ಸಂಕೇತವನ್ನು ಉಪಗ್ರಹಗಳೂ ಹಿಡಿಯುತ್ತವೆ. ಆದರೆ ಕದ್ದು ಮೀನು ಹಿಡಿಯುವವರು ಯಂತ್ರವನ್ನೇ ಆರಿಸಿಬಿಟ್ಟರೆ?

ರೇಡಾರ್ ಆರಿಸುವುದು ಅಷ್ಟು ಸುಲಭವಲ್ಲ. ಕತ್ತಲೆ, ಮಂಜಿನಲ್ಲಿ ಹಡಗಿಗೆ ಅದೇ ಕಣ್ಣು. ಅದಕ್ಕೇ ಫ್ರಾನ್ಸ್‌ನ ವಿಜ್ಞಾನಿ ಹೆನ್ರಿ ವೈಮರ್‌ಸ್ಕರ್ಚ್ ಮತ್ತು ಸಂಗಡಿಗರು ಆಲ್ಬಟ್ರಾಸ್ ಹಕ್ಕಿಯ ನೆರವು ಪಡೆದರು. ಮೀನಿನ ಆಸೆಗೆ ಹಡಗುಗಳ ಬೆನ್ನುಹತ್ತುವ ಹಕ್ಕಿ ಅದು. ರೆಕ್ಕೆ ಬಿಚ್ಚಿದರೆ ಸುಮಾರು 3 ಮೀಟರ್! ದಕ್ಷಿಣ ಹಿಂದೂ ಮಹಾಸಾಗರದ ದ್ವೀಪಗಳಲ್ಲಿ 169 ಹಕ್ಕಿಗಳಿಗೆ ರೇಡಾರ್ ಅಲೆ ಗುರುತಿಸುವ ಪುಟ್ಟ ಯಂತ್ರ ಅಂಟಿಸಿದರು. 2020ರಲ್ಲಿ ಫಲಿತಾಂಶ ಹೊರಬಂತು. ಯಾವ ದೇಶಕ್ಕೂ ಸೇರದ ಕಡಲಿನಲ್ಲಿ ಹಕ್ಕಿಗಳು ಕಂಡ ಹಡಗುಗಳ ಪೈಕಿ ಮೂರನೇ ಒಂದಕ್ಕಿಂತ ಹೆಚ್ಚಿನವು ಎ.ಐ.ಎಸ್. ಸಂಕೇತ ಕೊಡುತ್ತಿರಲಿಲ್ಲ.

ಅವೆಲ್ಲ ಕಳ್ಳ ಹಡಗುಗಳೆಂದು ಹೇಳಲಾಗದು. ಆದರೆ ಎಲ್ಲಿ ಹುಡುಕಬೇಕೆಂದು ತಿಳಿಯಿತು. ಹಕ್ಕಿಗೂ ಇದು ಜೀವದ ಪ್ರಶ್ನೆ. ಉದ್ದನೆಯ ದಾರಕ್ಕೆ ಸಾಲಾಗಿ ಕಟ್ಟಿದ ಗಾಳಗಳ ಎರೆಗೆ ಬಾಯಿಹಾಕಿ ಎಷ್ಟೋ ಆಲ್ಬಟ್ರಾಸ್‌ಗಳು ಮುಳುಗಿ ಸಾಯುತ್ತವೆ.

ಅಜ್ಜನ ಜೊತೆ ಕೂತು ಭೂಪಟ ತೆರೆಯಿರಿ. ಕನ್ಯಾಕುಮಾರಿಯಿಂದ ನೇರ ದಕ್ಷಿಣಕ್ಕೆ ಬೆರಳು ಸರಿಸಿ. ಆಮ್‌ಸ್ಟರ್‌ಡ್ಯಾಮ್ ಎಂಬ ಚುಕ್ಕೆಯಂಥ ದ್ವೀಪ ಸಿಗುತ್ತದೆ. ಈ ಕಾವಲುಗಾರರ ಮನೆಗಳಲ್ಲಿ ಅದೂ ಒಂದು.